ಸ್ಕೇಲ್ ಉದ್ದ (ಎಲೆಕ್ಟ್ರಿಕ್ ಗಿಟಾರ್)

ಸ್ಕೇಲ್ ಉದ್ದ ಎಂಬುದು ತಂತಿವಾದ್ಯವೊಂದರಲ್ಲಿ ಯಾವ ಫ್ರೆಟ್ಟನ್ನೂ ಒತ್ತದೆ ತೆರೆದ ತಂತಿಯನ್ನು ಮೀಟಿದಾಗ ಕಂಪಿಸುವ ಭಾಗದ ಉದ್ದವಾಗಿದೆ. ಗಿಟಾರಿನಲ್ಲಿ ಇದು ನೆಕ್‌ನ ಮೇಲ್ತುದಿಯಲ್ಲಿರುವ ನಟ್‌ನಿಂದ ಒಡಲಿನ ಮೇಲಿರುವ ಬ್ರಿಡ್ಜ್‌ನ ಸ್ಯಾಡಲ್‌ವರೆಗಿನ ಅಂತರ. ಸ್ವರಶ್ರೇಣಿ ಎಂಬ ಅರ್ಥದಲ್ಲಿ ಬಳಕೆಯಾಗುವ 'ಸ್ಕೇಲ್' ಪದದಿಂದ ಇದು ಭಿನ್ನವಾದುದು. ಹೆಚ್ಚಿನ ಎಲೆಕ್ಟ್ರಿಕ್ ಗಿಟಾರ್‌ಗಳ ಸ್ಕೇಲ್ ಉದ್ದ 24 ಇಂಚುಗಳಿಂದ 25.5 ಇಂಚುಗಳವರೆಗೆ ಇರುತ್ತದೆ.

ಒಂದೇ ದಪ್ಪದ ತಂತಿಯನ್ನು ಒಂದೇ ಸ್ವರಕ್ಕೆ ಶ್ರುತಿ ಮಾಡಿದಾಗ, ತಂತಿಯ ಬಿಗಿತವು ಸ್ಕೇಲ್ ಉದ್ದದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಆದ್ದರಿಂದ ಉದ್ದದಲ್ಲಿನ ಸಣ್ಣ ವ್ಯತ್ಯಾಸವೂ ಬೆರಳಿಗೆ ತಿಳಿಯುತ್ತದೆ. ಆದರೆ ಬಿಗಿತ ಮತ್ತು ನುಡಿಸುವಾಗಿನ ಅನುಭವ ಒಂದೇ ಅಲ್ಲ. ಫ್ರೆಟ್‌ಗಳ ನಡುವಿನ ಅಂತರ, ತಂತಿಯ ದಪ್ಪ, ಫ್ರೆಟ್‌ಗಳಿಂದ ತಂತಿ ಇರುವ ಎತ್ತರ ಮೊದಲಾದವೂ ಈ ಅನುಭವವನ್ನು ರೂಪಿಸುತ್ತವೆ.

## ಅಳತೆಯ ಕ್ರಮ

ತಯಾರಕರು ಸೂಚಿಸುವ ಸ್ಕೇಲ್ ಉದ್ದವು ನಾಮಮಾತ್ರದ ಅಳತೆಯಾಗಿರುತ್ತದೆ. ನಟ್‌ನ ಒಳ ಅಂಚಿನಿಂದ 12ನೆಯ ಫ್ರೆಟ್‌ನ ಮಧ್ಯದವರೆಗಿನ ದೂರವನ್ನು ಅಳೆದು ಅದನ್ನು ಎರಡರಿಂದ ಗುಣಿಸಿದರೆ ಈ ಅಳತೆ ದೊರೆಯುತ್ತದೆ. 12ನೆಯ ಫ್ರೆಟ್‌ನಲ್ಲಿ ತಂತಿಯ ಉದ್ದ ಅರ್ಧವಾಗಿ, ತೆರೆದ ತಂತಿಗಿಂತ ಒಂದು ಸ್ಥಾಯಿ ಮೇಲಿನ ಸ್ವರ ಕೇಳಿಸುವುದೇ ಈ ಕ್ರಮಕ್ಕೆ ಆಧಾರ.

ನಟ್‌ನಿಂದ ಸ್ಯಾಡಲ್‌ವರೆಗೆ ನೇರವಾಗಿ ಅಳೆದಾಗ ಉದ್ದವು ಸ್ವಲ್ಪ ಹೆಚ್ಚಾಗಿ ಕಂಡುಬರುತ್ತದೆ. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಸ್ವಲ್ಪ ಹಿಗ್ಗಿ ಸ್ವರ ಏರುತ್ತದೆ. ಈ ದೋಷವನ್ನು ಸರಿದೂಗಿಸಲು ಸ್ಯಾಡಲ್‌ಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಲಾಗುತ್ತದೆ. ದಪ್ಪ ತಂತಿಗಳಿಗೆ ಹೆಚ್ಚಿನ ಹೊಂದಾಣಿಕೆ ಬೇಕಾಗುವುದರಿಂದ ಆರು ಸ್ಯಾಡಲ್‌ಗಳು ಒಂದೇ ಸಾಲಿನಲ್ಲಿ ಇರುವುದಿಲ್ಲ.

## ಭೌತಶಾಸ್ತ್ರದ ಹಿನ್ನೆಲೆ

ತಂತಿಯ ಕಂಪನವನ್ನು ಕುರಿತ ಮೂಲ ನಿಯಮಗಳನ್ನು ಫ್ರಾನ್ಸಿನ ವಿದ್ವಾಂಸ ಮಾರಿನ್ ಮೆರ್ಸೆನ್ 1636ರಲ್ಲಿ ಪ್ರಕಟವಾಗತೊಡಗಿದ 'ಹಾರ್ಮೊನಿ ಯೂನಿವರ್ಸೆಲ್' ಎಂಬ ಗ್ರಂಥದಲ್ಲಿ ವಿವರಿಸಿದರು. ಈ ನಿಯಮಗಳ ಪ್ರಕಾರ ತಂತಿಯ ಆವೃತ್ತಿಯು, ಅಂದರೆ ಒಂದು ಸೆಕೆಂಡಿನಲ್ಲಿ ಅದು ಕಂಪಿಸುವ ಸಂಖ್ಯೆಯು, ಮೂರು ಅಂಶಗಳನ್ನು ಅವಲಂಬಿಸಿರುತ್ತದೆ:

* ಉದ್ದ: ಉದ್ದ ಹೆಚ್ಚಿದಂತೆ ಆವೃತ್ತಿ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.
* ಬಿಗಿತ: ಆವೃತ್ತಿಯು ಬಿಗಿತದ ವರ್ಗಮೂಲಕ್ಕೆ ನೇರ ಅನುಪಾತದಲ್ಲಿರುತ್ತದೆ.
* ಏಕಮಾನ ಉದ್ದದ ರಾಶಿ: ಆವೃತ್ತಿಯು ಇದರ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ.

ಗಿಟಾರಿನಲ್ಲಿ ಸ್ವರವು ಮೊದಲೇ ನಿಶ್ಚಿತವಾಗಿರುತ್ತದೆ. ಆ ಸ್ವರಕ್ಕೆ ಎಷ್ಟು ಬಿಗಿತ ಬೇಕು ಎಂಬುದೇ ಪ್ರಶ್ನೆ. ಆದ್ದರಿಂದ ಸೂತ್ರವನ್ನು ಹೀಗೆ ಬರೆಯಬಹುದು:

ಬಿಗಿತ = ಏಕಮಾನ ಉದ್ದದ ರಾಶಿ × (2 × ಉದ್ದ × ಆವೃತ್ತಿ)²

ಉದ್ದ ಮತ್ತು ಆವೃತ್ತಿ ಎರಡೂ ವರ್ಗದ ಚಿಹ್ನೆಯ ಒಳಗಿರುವುದನ್ನು ಗಮನಿಸಬೇಕು. ಉದ್ದವನ್ನು ಶೇ. 3ರಷ್ಟು ಕಡಿಮೆ ಮಾಡಿದರೆ ಬಿಗಿತವು ಸುಮಾರು ಶೇ. 6ರಷ್ಟು ಕಡಿಮೆಯಾಗುತ್ತದೆ. ಈ ಮೂರು ಅಂಶಗಳನ್ನು ಬಿಟ್ಟರೆ ಗಿಟಾರಿನ ಬೇರಾವ ಭಾಗವೂ ತೆರೆದ ತಂತಿಯ ಬಿಗಿತವನ್ನು ನಿರ್ಧರಿಸುವುದಿಲ್ಲ.

### ಲೆಕ್ಕದ ಉದಾಹರಣೆ

ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಮೊದಲನೆಯ ತಂತಿಯಾದ ತೆಳುವಾದ ಇ ತಂತಿಯ ಆವೃತ್ತಿ ಸೆಕೆಂಡಿಗೆ ಸುಮಾರು 329.6 ಕಂಪನಗಳು. 0.010 ಇಂಚು ದಪ್ಪದ ಉಕ್ಕಿನ ತಂತಿಯನ್ನು ಬೇರೆ ಬೇರೆ ಸ್ಕೇಲ್ ಉದ್ದಗಳಲ್ಲಿ ಈ ಸ್ವರಕ್ಕೆ ತಂದಾಗ ಮೇಲಿನ ಸೂತ್ರದಂತೆ ದೊರೆಯುವ ಅಂದಾಜು ಬಿಗಿತವನ್ನು ಕೆಳಗಿನ ಕೋಷ್ಟಕ ತೋರಿಸುತ್ತದೆ. ಕೊನೆಯ ಕಾಲಂನಲ್ಲಿ ನಟ್‌ನಿಂದ ಮೊದಲನೆಯ ಫ್ರೆಟ್‌ಗೆ ಇರುವ ದೂರವಿದೆ.

| ಸ್ಕೇಲ್ ಉದ್ದ (ಇಂಚು) | ಮಿ.ಮೀ. | ಬಿಗಿತ (ನ್ಯೂಟನ್) | ಬಿಗಿತ (ಕೆ.ಜಿ. ತೂಕಕ್ಕೆ ಸಮ) | ಮೊದಲ ಫ್ರೆಟ್‌ನ ದೂರ (ಮಿ.ಮೀ.) |
|---|---|---|---|---|
| 24 | 609.6 | 64 | 6.5 | 34.2 |
| 24.75 | 628.7 | 68 | 6.9 | 35.3 |
| 25 | 635.0 | 69 | 7.1 | 35.6 |
| 25.5 | 647.7 | 72 | 7.4 | 36.4 |
| 27 | 685.8 | 81 | 8.2 | 38.5 |

25.5 ಇಂಚಿನ ಗಿಟಾರಿಗೆ 0.010ರಿಂದ 0.046 ಇಂಚಿನವರೆಗಿನ ಸಾಮಾನ್ಯ ತಂತಿಗಳ ಜೋಡಣೆಯನ್ನು ಹಾಕಿದರೆ ಆರೂ ತಂತಿಗಳು ಸೇರಿ ನೆಕ್‌ನ ಮೇಲೆ ಸುಮಾರು 46–47 ಕೆ.ಜಿ. ತೂಕಕ್ಕೆ ಸಮನಾದ ಎಳೆತವನ್ನು ಉಂಟುಮಾಡುತ್ತವೆ. ಈ ಎಳೆತಕ್ಕೆ ನೆಕ್ ಬಾಗದಂತೆ ತಡೆಯಲು ಅದರೊಳಗೆ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಅಳವಡಿಸಲಾಗಿರುತ್ತದೆ. ತಂತಿಯ ದಪ್ಪ ಅಥವಾ ಶ್ರುತಿಯನ್ನು ಬದಲಿಸಿದಾಗ ಒಟ್ಟು ಎಳೆತವೂ ಬದಲಾಗುವುದರಿಂದ ಟ್ರಸ್ ರಾಡ್ ಅನ್ನು ಮತ್ತೆ ಸರಿಹೊಂದಿಸಬೇಕಾಗಬಹುದು.

## ಪ್ರಚಲಿತ ಅಳತೆಗಳು

25.5 ಇಂಚು: ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಮತ್ತು 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಗಿಟಾರ್‌ಗಳು ಈ ಅಳತೆಯವು. ಇತರ ಅನೇಕ ತಯಾರಕರೂ ಇದನ್ನೇ ಅನುಸರಿಸುವುದರಿಂದ ಇದನ್ನು 'ಉದ್ದ ಸ್ಕೇಲ್' ಎಂದು ಕರೆಯುವ ರೂಢಿಯಿದೆ.

24.75 ಇಂಚು: 1952ರಲ್ಲಿ ಮಾರುಕಟ್ಟೆಗೆ ಬಂದ ಗಿಬ್ಸನ್ ಲೆಸ್ ಪಾಲ್ ಹಾಗೂ ಅದೇ ಕಂಪನಿಯ ಎಸ್‌ಜಿ ಗಿಟಾರ್‌ಗಳಿಗೆ ಈ ಅಳತೆಯನ್ನು ಹೇಳಲಾಗುತ್ತದೆ. ಫ್ರೆಟ್‌ಗಳನ್ನು ಅಳೆದು ನೋಡಿದಾಗ ನಿಜವಾದ ಉದ್ದವು ಇದಕ್ಕಿಂತ ತುಸು ಕಡಿಮೆ ಇರುವುದುಂಟು. ಕಾಲಕಾಲಕ್ಕೆ ಅದು ಅಲ್ಪಸ್ವಲ್ಪ ಬದಲಾಗಿಯೂ ಇದೆ.

25 ಇಂಚು: ಮೇಲಿನ ಎರಡರ ನಡುವಿನ ಅಳತೆ. ಪಿಆರ್‌ಎಸ್ ಕಂಪನಿಯ ಹಲವು ಮಾದರಿಗಳಲ್ಲಿ ಕಂಡುಬರುತ್ತದೆ.

24 ಇಂಚು ಮತ್ತು ಅದಕ್ಕಿಂತ ಕಡಿಮೆ: 1962ರ ಫೆಂಡರ್ ಜಾಗ್ವಾರ್ 24 ಇಂಚಿನದು. 1956ರಲ್ಲಿ ಫೆಂಡರ್ ಕಂಪನಿಯು ವಿದ್ಯಾರ್ಥಿಗಳನ್ನು ಉದ್ದೇಶಿಸಿ ತಯಾರಿಸಿದ ಮ್ಯೂಸಿಕ್‌ಮಾಸ್ಟರ್ ಮತ್ತು ಡ್ಯುಯೊ-ಸೋನಿಕ್ ಗಿಟಾರ್‌ಗಳ ಉದ್ದ 22.5 ಇಂಚು. ಬೀಟಲ್ಸ್ ತಂಡದ ಜಾನ್ ಲೆನನ್ ನುಡಿಸುತ್ತಿದ್ದ ರಿಕನ್‌ಬ್ಯಾಕರ್ 325 ಗಿಟಾರಿನದು ಕೇವಲ 20.75 ಇಂಚು. ಇಷ್ಟು ಗಿಡ್ಡ ಸ್ಕೇಲ್‌ನಲ್ಲಿ ಒಂದೇ ದಪ್ಪದ ತಂತಿಯ ಬಿಗಿತವು 25.5 ಇಂಚಿನ ಗಿಟಾರಿನ ಮೂರನೆಯ ಎರಡು ಭಾಗದಷ್ಟು ಮಾತ್ರ ಇರುತ್ತದೆ.

27 ಇಂಚು ಮತ್ತು ಅದಕ್ಕಿಂತ ಹೆಚ್ಚು: ಸಾಮಾನ್ಯ ಗಿಟಾರಿಗಿಂತ ಕೆಳಗಿನ ಸ್ವರಗಳಿಗೆ ಶ್ರುತಿ ಮಾಡುವ ಬ್ಯಾರಿಟೋನ್ ಗಿಟಾರ್‌ಗಳು ಹಾಗೂ ಹಲವು ಎಂಟು ತಂತಿಯ ಗಿಟಾರ್‌ಗಳು ಈ ವರ್ಗಕ್ಕೆ ಸೇರುತ್ತವೆ. ಒಂದು ಸ್ಥಾಯಿ ಕೆಳಗಿರುವ ಬೇಸ್ ಗಿಟಾರ್‌ಗಳ ಸ್ಕೇಲ್ ಇನ್ನೂ ಉದ್ದ. 1951ರ ಫೆಂಡರ್ ಪ್ರಿಸಿಶನ್ ಬೇಸ್‌ನ 34 ಇಂಚಿನ ಅಳತೆಯು ಇಂದಿಗೂ ಬೇಸ್ ಗಿಟಾರ್‌ಗಳ ಸಾಮಾನ್ಯ ಅಳತೆಯಾಗಿದೆ.

## ನುಡಿಸುವ ಅನುಭವದ ಮೇಲೆ ಪರಿಣಾಮ

### ಫ್ರೆಟ್‌ಗಳ ಅಂತರ

ಪ್ರತಿಯೊಂದು ಫ್ರೆಟ್ ಕೂಡ ಉಳಿದ ತಂತಿಯ ಉದ್ದವನ್ನು ಒಂದೇ ಅನುಪಾತದಲ್ಲಿ ಕಡಿಮೆ ಮಾಡುತ್ತದೆ. ಆದಕಾರಣ ಸ್ಕೇಲ್ ಗಿಡ್ಡವಾದರೆ ಎಲ್ಲ ಫ್ರೆಟ್‌ಗಳೂ ಅದೇ ಪ್ರಮಾಣದಲ್ಲಿ ಹತ್ತಿರವಾಗುತ್ತವೆ. ನಟ್‌ನಿಂದ ನಾಲ್ಕನೆಯ ಫ್ರೆಟ್‌ವರೆಗಿನ ದೂರವು 25.5 ಇಂಚಿನ ಗಿಟಾರಿನಲ್ಲಿ ಸುಮಾರು 133.6 ಮಿ.ಮೀ. ಇದ್ದರೆ, 24.75 ಇಂಚಿನದರಲ್ಲಿ ಸುಮಾರು 129.7 ಮಿ.ಮೀ. ಇರುತ್ತದೆ. ನಾಲ್ಕು ಮಿಲಿಮೀಟರ್‌ಗಳ ಈ ವ್ಯತ್ಯಾಸವು ಬೆರಳುಗಳನ್ನು ಅಗಲವಾಗಿ ಚಾಚಬೇಕಾದ ಕಾರ್ಡ್‌ಗಳಲ್ಲಿ ಅನುಭವಕ್ಕೆ ಬರುತ್ತದೆ. ನೆಕ್‌ನ ಮೇಲ್ಭಾಗದ ಫ್ರೆಟ್‌ಗಳಲ್ಲಿ ಪರಿಸ್ಥಿತಿ ಬೇರೆ: ಅಲ್ಲಿ ಫ್ರೆಟ್‌ಗಳು ಮೊದಲೇ ಇಕ್ಕಟ್ಟಾಗಿರುವುದರಿಂದ ಉದ್ದ ಸ್ಕೇಲ್ ಬೆರಳಿಗೆ ಹೆಚ್ಚು ಜಾಗ ಒದಗಿಸುತ್ತದೆ.

### ತಂತಿಯನ್ನು ಎಳೆದು ಸ್ವರ ಏರಿಸುವುದು

ಫ್ರೆಟ್‌ನ ಮೇಲೆ ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಅಥವಾ ಎಳೆದು ಸ್ವರವನ್ನು ಏರಿಸುವ ಕ್ರಮಕ್ಕೆ ಬೆಂಡಿಂಗ್ ಎನ್ನುತ್ತಾರೆ. ವೀಣೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆಳೆದು ಗಮಕ ನುಡಿಸುವ ಕ್ರಿಯೆಯನ್ನು ಇದು ಹೋಲುತ್ತದೆ. ಒಂದು ಪೂರ್ಣಸ್ವರದಷ್ಟು ಏರಿಸಲು ತಂತಿಯ ಬಿಗಿತವು ಸುಮಾರು ಶೇ. 26ರಷ್ಟು ಹೆಚ್ಚಬೇಕು. ತಂತಿ ಹಿಗ್ಗುವುದರಿಂದ ಈ ಹೆಚ್ಚುವರಿ ಬಿಗಿತ ದೊರೆಯುತ್ತದೆ.

ಗಿಡ್ಡ ಸ್ಕೇಲ್‌ನಲ್ಲಿ ಮೂಲ ಬಿಗಿತವೇ ಕಡಿಮೆ ಇರುವುದರಿಂದ ಅದರ ಶೇ. 26 ಕೂಡ ಕಡಿಮೆ. ಹಾಗಾಗಿ ತಂತಿ ಹಿಗ್ಗಬೇಕಾದ ಪ್ರಮಾಣವೂ ಕಡಿಮೆ. ಎರಡೂ ತುದಿಗಳಲ್ಲಿ ಜಾರದೆ ನಿಂತ ತಂತಿಯನ್ನು ಅದೇ ಫ್ರೆಟ್‌ನಲ್ಲಿ ಎಳೆಯುವುದಾದರೆ, ಬೆರಳು ಪಕ್ಕಕ್ಕೆ ಚಲಿಸಬೇಕಾದ ದೂರವು ಸ್ಕೇಲ್ ಉದ್ದದ ವರ್ಗಕ್ಕೂ, ಬೇಕಾಗುವ ಬಲವು ಅದರ ಘನಕ್ಕೂ ಅನುಗುಣವಾಗಿರುತ್ತದೆ. 25.5 ಇಂಚಿನಿಂದ 24.75 ಇಂಚಿಗೆ ಇಳಿದಾಗ ದೂರವು ಸುಮಾರು ಶೇ. 6ರಷ್ಟು, ಬಲವು ಸುಮಾರು ಶೇ. 9ರಷ್ಟು ತಗ್ಗುತ್ತದೆ. ಗಿಡ್ಡ ಸ್ಕೇಲ್‌ನ ಗಿಟಾರ್ 'ಮೃದು' ಎನಿಸಲು ಇದೊಂದು ಮುಖ್ಯ ಕಾರಣ.

ತಂತಿಯ ದಪ್ಪವನ್ನು ಬದಲಿಸಿದಾಗ ಆಗುವ ಪರಿಣಾಮ ಇದಕ್ಕಿಂತ ಭಿನ್ನ. ಸುತ್ತುತಂತಿಯಿಲ್ಲದ ಉಕ್ಕಿನ ತಂತಿಗಳಲ್ಲಿ ದಪ್ಪ ಹೆಚ್ಚಿದಂತೆ ಬಿಗಿತವೂ, ಹಿಗ್ಗುವುದಕ್ಕೆ ತಂತಿ ಒಡ್ಡುವ ಪ್ರತಿರೋಧವೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಪರಿಣಾಮವಾಗಿ ಬೆರಳು ಚಲಿಸಬೇಕಾದ ದೂರ ಅಷ್ಟೇ ಉಳಿದು, ಬಲ ಮಾತ್ರ ಹೆಚ್ಚುತ್ತದೆ. ಆದ್ದರಿಂದಲೇ ಗಿಡ್ಡ ಸ್ಕೇಲ್‌ನ ಗಿಟಾರಿಗೆ ತುಸು ದಪ್ಪ ತಂತಿ ಹಾಕಿ ಬಿಗಿತವನ್ನು ಉದ್ದ ಸ್ಕೇಲ್‌ಗೆ ಸಮ ಮಾಡಿದರೂ ಎರಡರ ಅನುಭವ ಒಂದೇ ಆಗುವುದಿಲ್ಲ.

### ಮೀಟುವಾಗಿನ ಪ್ರತಿಕ್ರಿಯೆ

ಬಿಗಿತ ಹೆಚ್ಚಿರುವ ತಂತಿಯು ಅದೇ ಬಲದಿಂದ ಮೀಟಿದಾಗ ಕಡಿಮೆ ಅಗಲದಲ್ಲಿ ಓಲಾಡುತ್ತದೆ. ಹಾಗಾಗಿ ತಂತಿಗಳನ್ನು ಫ್ರೆಟ್‌ಗಳಿಗೆ ಹೆಚ್ಚು ಹತ್ತಿರದಲ್ಲಿ ಇಡಬಹುದು. ಬಿಗಿತ ಕಡಿಮೆಯಾದಾಗ ತಂತಿಯು ಫ್ರೆಟ್‌ಗಳಿಗೆ ತಾಗಿ ಗರಗರ ಸದ್ದು ಬರುವ ಸಾಧ್ಯತೆ ಹೆಚ್ಚು. ಜೋರಾಗಿ ಮೀಟಿದಾಗ ಆರಂಭದಲ್ಲಿ ಸ್ವರ ಸ್ವಲ್ಪ ಏರಿ ಅನಂತರ ಸರಿಯಾದ ಸ್ಥಾನಕ್ಕೆ ಇಳಿಯುವುದೂ ಸಡಿಲ ತಂತಿಗಳಲ್ಲಿ ಹೆಚ್ಚಾಗಿ ಕೇಳಿಸುತ್ತದೆ.

## ನಾದಗುಣದ ಮೇಲೆ ಪರಿಣಾಮ

ಆದರ್ಶ ತಂತಿಯಲ್ಲಿ ಉಪಸ್ವರಗಳು ಮೂಲಸ್ವರದ ಪೂರ್ಣಾಂಕ ಗುಣಕಗಳಾಗಿರುತ್ತವೆ. ನಿಜವಾದ ತಂತಿಯು ಲೋಹದ್ದಾಗಿದ್ದು ಬಾಗುವುದಕ್ಕೆ ಪ್ರತಿರೋಧ ಒಡ್ಡುವುದರಿಂದ ಮೇಲಿನ ಉಪಸ್ವರಗಳು ಇರಬೇಕಾದ ಸ್ಥಾನಕ್ಕಿಂತ ತುಸು ಮೇಲಿರುತ್ತವೆ. ತಂತಿ ದಪ್ಪವಾಗಿ, ಗಿಡ್ಡವಾಗಿ, ಸಡಿಲವಾಗಿ ಇದ್ದಷ್ಟೂ ಈ ದೋಷ ಹೆಚ್ಚು. ಅದೇ ತಂತಿ, ಅದೇ ಸ್ವರದಲ್ಲಿ ಉದ್ದವನ್ನು ಹೆಚ್ಚಿಸಿದರೆ ದೋಷವು ಉದ್ದದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಕೆಳಗಿನ ಸ್ವರಗಳಲ್ಲಿ ಉದ್ದ ಸ್ಕೇಲ್‌ನ ವಾದ್ಯಗಳು ಹೆಚ್ಚು ಸ್ಪಷ್ಟವಾಗಿ ಕೇಳಿಸುವುದಕ್ಕೆ ಇದು ಒಂದು ಕಾರಣ. ದೊಡ್ಡ ಪಿಯಾನೊಗಳ ಮಂದ್ರ ತಂತಿಗಳನ್ನು ಬಹಳ ಉದ್ದವಾಗಿ ಮಾಡುವುದರ ಹಿಂದೆಯೂ ಇದೇ ತತ್ತ್ವವಿದೆ.

ಆದರೆ ಫೆಂಡರ್ ಮತ್ತು ಗಿಬ್ಸನ್ ಗಿಟಾರ್‌ಗಳ ನಾದದ ವ್ಯತ್ಯಾಸವನ್ನು ಸ್ಕೇಲ್ ಉದ್ದವೊಂದಕ್ಕೇ ಆರೋಪಿಸಲಾಗದು. ಆ ಗಿಟಾರ್‌ಗಳ ಪಿಕಪ್‌ಗಳ ರಚನೆ ಹಾಗೂ ಸ್ಥಾನ, ಬ್ರಿಡ್ಜ್ ಮತ್ತು ವಿದ್ಯುತ್ ಮಂಡಲಗಳೂ ಬೇರೆ ಬೇರೆಯಾಗಿವೆ.

## ದಪ್ಪ, ಶ್ರುತಿ ಮತ್ತು ಸ್ಕೇಲ್: ಹೋಲಿಕೆ

ಸ್ಕೇಲ್ ಉದ್ದದ ಪರಿಣಾಮವನ್ನು ಉಳಿದೆರಡು ಅಂಶಗಳೊಂದಿಗೆ ಹೋಲಿಸಿದಾಗ ಅದರ ನಿಜವಾದ ಪ್ರಮಾಣ ತಿಳಿಯುತ್ತದೆ:

* ಸ್ಕೇಲ್ ಅನ್ನು 25.5 ಇಂಚಿನಿಂದ 24.75 ಇಂಚಿಗೆ ಇಳಿಸಿದರೆ ಬಿಗಿತ ಸುಮಾರು ಶೇ. 6 ಕಡಿಮೆಯಾಗುತ್ತದೆ.
* ಅದೇ ಗಿಟಾರಿನ ಶ್ರುತಿಯನ್ನು ಅರ್ಧಸ್ವರ ಇಳಿಸಿದರೆ ಸುಮಾರು ಶೇ. 11 ಕಡಿಮೆಯಾಗುತ್ತದೆ.
* 0.010 ಇಂಚಿನ ತಂತಿಯ ಬದಲು 0.009 ಇಂಚಿನ ತಂತಿ ಹಾಕಿದರೆ ಶೇ. 19 ಕಡಿಮೆಯಾಗುತ್ತದೆ.

ಅಂದರೆ ಈ ಎರಡು ಪ್ರಸಿದ್ಧ ಅಳತೆಗಳ ನಡುವಿನ ಬಿಗಿತದ ವ್ಯತ್ಯಾಸವು ತಂತಿಯ ದಪ್ಪವನ್ನು ಒಂದು ಹಂತ ಬದಲಿಸಿದಾಗ ಆಗುವ ವ್ಯತ್ಯಾಸದ ಮೂರನೆಯ ಒಂದು ಭಾಗದಷ್ಟು ಮಾತ್ರ.

ಸ್ಕೇಲ್ ಬದಲಾವಣೆಯನ್ನು ಒಂದೇ ಗಿಟಾರಿನಲ್ಲಿ ಅನುಭವಿಸಿ ನೋಡಲು ಸರಳ ಪ್ರಯೋಗವೊಂದಿದೆ. 25.5 ಇಂಚಿನ ಗಿಟಾರಿನ ಎಲ್ಲ ತಂತಿಗಳನ್ನೂ ಅರ್ಧಸ್ವರ ಇಳಿಸಿ, ಮೊದಲನೆಯ ಫ್ರೆಟ್‌ಗೆ ಕೇಪೋ ಹಾಕಿದರೆ ತಂತಿಗಳು ಮತ್ತೆ ಸಾಮಾನ್ಯ ಶ್ರುತಿಯಲ್ಲಿ ನುಡಿಯುತ್ತವೆ. ಆಗ ಕಂಪಿಸುವ ಉದ್ದ ಸುಮಾರು 24.07 ಇಂಚು, ಇದು ಹೆಚ್ಚುಕಡಿಮೆ ಜಾಗ್ವಾರ್ ಗಿಟಾರಿನ ಸ್ಕೇಲ್. ಬಿಗಿತ ಮತ್ತು ಫ್ರೆಟ್‌ಗಳ ಅಂತರ ಎರಡೂ ಅದಕ್ಕೆ ತಕ್ಕಂತೆ ಕಡಿಮೆಯಾಗಿರುತ್ತವೆ.

### ಪ್ರಸಿದ್ಧ ವಾದಕರ ನಿದರ್ಶನಗಳು

ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಎಡಗೈ ವಾದಕರಾಗಿದ್ದು ಫ್ರೆಟ್‌ಗಳನ್ನು ಬಲಗೈಯಿಂದ ಒತ್ತುತ್ತಾರೆ. ಹದಿಹರೆಯದಲ್ಲಿ ಕಾರ್ಖಾನೆಯೊಂದರಲ್ಲಿ ಸಂಭವಿಸಿದ ಅಪಘಾತದಲ್ಲಿ ಅವರು ಅದೇ ಕೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡರು. ಅನಂತರ ಅವರು ಬೆರಳುಗಳಿಗೆ ಕೃತಕ ತುದಿಗಳನ್ನು ತೊಟ್ಟು ತೆಳುವಾದ ತಂತಿಗಳನ್ನು ಬಳಸತೊಡಗಿದರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್‌ನ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿ ಮೂರು ಅರ್ಧಸ್ವರಗಳಷ್ಟು ಕೆಳಗಿದೆ. ಲೆಕ್ಕದ ಪ್ರಕಾರ ಈ ಶ್ರುತಿಯಿಂದ ಬಿಗಿತವು ಸುಮಾರು ಶೇ. 29ರಷ್ಟು ಕಡಿಮೆಯಾಗುತ್ತದೆ. ಅವರ ಮುಖ್ಯ ವಾದ್ಯವಾದ ಗಿಬ್ಸನ್ ಎಸ್‌ಜಿ ಕೂಡ ಗಿಡ್ಡ ಸ್ಕೇಲ್‌ನದು.

ಇದಕ್ಕೆ ವಿರುದ್ಧವಾದ ನಿದರ್ಶನ ಅಮೆರಿಕದ ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಅವರದು. ಅವರು 25.5 ಇಂಚಿನ ಸ್ಟ್ರಾಟೊಕಾಸ್ಟರ್ ಗಿಟಾರಿಗೆ 0.013 ಇಂಚಿನಿಂದ ಆರಂಭವಾಗುವ ದಪ್ಪ ತಂತಿಗಳನ್ನು ಹಾಕಿ, ಶ್ರುತಿಯನ್ನು ಅರ್ಧಸ್ವರ ಇಳಿಸುತ್ತಿದ್ದರು. ಹಾಗೆ ಇಳಿಸಿದ ಮೇಲೂ ಅಂತಹ ಮೊದಲನೆಯ ತಂತಿಯ ಬಿಗಿತವು ಸಾಮಾನ್ಯ ಶ್ರುತಿಯ 0.010 ಇಂಚಿನ ತಂತಿಗಿಂತ ಸುಮಾರು ಒಂದೂವರೆ ಪಟ್ಟು ಇರುತ್ತದೆ.

## ಕೆಳ ಶ್ರುತಿ ಮತ್ತು ಬಹು ಸ್ಕೇಲ್ ಗಿಟಾರ್‌ಗಳು

ಶ್ರುತಿಯನ್ನು ಬಹಳ ಕೆಳಗೆ ಇಳಿಸಿದಾಗ ತಂತಿ ಸಡಿಲವಾಗುತ್ತದೆ. ದಪ್ಪ ತಂತಿ ಹಾಕಿ ಬಿಗಿತವನ್ನು ಮರಳಿ ಪಡೆಯಬಹುದಾದರೂ ಅದರಿಂದ ಉಪಸ್ವರಗಳ ದೋಷ ಹೆಚ್ಚುತ್ತದೆ. ಸ್ಕೇಲ್ ಅನ್ನು ಉದ್ದವಾಗಿಸುವುದು ಇದಕ್ಕೆ ಪರಿಹಾರ.

ಆದರೆ ತೆಳುವಾದ ಇ ತಂತಿಗೆ ಉದ್ದ ಸ್ಕೇಲ್ ಅನುಕೂಲಕರವಲ್ಲ. ತಂತಿಯ ಅಡ್ಡಕೊಯ್ತದ ಪ್ರತಿ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲವು ಲೋಹದ ಸಾಂದ್ರತೆ, ಉದ್ದ ಮತ್ತು ಆವೃತ್ತಿಯನ್ನು ಮಾತ್ರ ಅವಲಂಬಿಸಿರುತ್ತದೆ, ದಪ್ಪವನ್ನಲ್ಲ. ಹಾಗಾಗಿ ದಪ್ಪ ತಂತಿ ಹಾಕುವುದರಿಂದ ತಂತಿ ತುಂಡಾಗುವ ಮಿತಿಯನ್ನು ಮೇಲಕ್ಕೆ ಒಯ್ಯಲಾಗದು. ಸ್ಕೇಲ್ ಉದ್ದವಾದಷ್ಟೂ ಆ ಮಿತಿ ಹತ್ತಿರವಾಗುತ್ತದೆ.

ಮಂದ್ರ ತಂತಿಗಳಿಗೆ ಉದ್ದ ಸ್ಕೇಲ್, ತಾರ ತಂತಿಗಳಿಗೆ ಗಿಡ್ಡ ಸ್ಕೇಲ್ ಒದಗಿಸುವ ಗಿಟಾರ್‌ಗಳನ್ನು ಬಹು ಸ್ಕೇಲ್ ಗಿಟಾರ್‌ಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಫ್ರೆಟ್‌ಗಳು ಸಮಾನಾಂತರವಾಗಿರದೆ ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿರುತ್ತವೆ. ಹದಿನಾರನೆಯ ಶತಮಾನದ ಇಂಗ್ಲೆಂಡಿನ ಆರ್ಫೇರಿಯನ್ ಎಂಬ ತಂತಿವಾದ್ಯದಲ್ಲಿಯೇ ಓರೆ ಫ್ರೆಟ್‌ಗಳಿದ್ದವು. ಆಧುನಿಕ ಗಿಟಾರಿನಲ್ಲಿ ಈ ವಿನ್ಯಾಸಕ್ಕೆ ಅಮೆರಿಕದ ಗಿಟಾರ್ ತಯಾರಕ ರಾಲ್ಫ್ ನೊವಾಕ್ 1989ರಲ್ಲಿ ಪೇಟೆಂಟ್ ಪಡೆದರು.

## ತಪ್ಪು ಕಲ್ಪನೆಗಳು

ನಟ್‌ನಿಂದ ಶ್ರುತಿಬಿರಡೆಯವರೆಗೆ ಅಥವಾ ಬ್ರಿಡ್ಜ್‌ನ ಹಿಂದೆ ತಂತಿ ಹೆಚ್ಚು ಉದ್ದವಿದ್ದರೆ ಬಿಗಿತವೂ ಹೆಚ್ಚುತ್ತದೆ ಎಂಬುದು ವ್ಯಾಪಕವಾಗಿರುವ ಕಲ್ಪನೆ. ಕಂಪಿಸದ ಈ ಭಾಗಗಳು ಸೂತ್ರದಲ್ಲಿ ಇಲ್ಲವೇ ಇಲ್ಲ. ತಂತಿಯನ್ನು ಒಡಲಿನ ಹಿಂಬದಿಯಿಂದ ತೂರಿಸಿ ತಂದರೂ, ಬ್ರಿಡ್ಜ್‌ಗೇ ಸಿಕ್ಕಿಸಿದರೂ, ಅದೇ ಸ್ವರದಲ್ಲಿ ಬಿಗಿತ ಒಂದೇ ಆಗಿರುತ್ತದೆ.

ಆದರೂ ವಾದಕರು ವ್ಯತ್ಯಾಸವನ್ನು ಅನುಭವಿಸುವುದು ಸುಳ್ಳಲ್ಲ. ತಂತಿಯು ನಟ್ ಮತ್ತು ಸ್ಯಾಡಲ್‌ಗಳ ಮೇಲೆ ಜಾರುವಂತಿದ್ದರೆ, ಎಳೆದಾಗ ಆಚೆಗಿನ ಭಾಗವೂ ಹಿಗ್ಗುತ್ತದೆ. ಆಗ ಅದೇ ಸ್ವರಕ್ಕೆ ಏರಲು ತಂತಿಯನ್ನು ಹೆಚ್ಚು ದೂರ ತಳ್ಳಬೇಕಾಗುತ್ತದೆ. ಸ್ಪ್ರಿಂಗ್‌ಗಳ ಆಧಾರದ ಮೇಲೆ ತೇಲುವ ಟ್ರೆಮೊಲೊ ಬ್ರಿಡ್ಜ್ ಇರುವ ಗಿಟಾರ್‌ಗಳಲ್ಲಿಯೂ ತಂತಿ ಎಳೆದಾಗ ಬ್ರಿಡ್ಜ್ ಮುಂದಕ್ಕೆ ವಾಲುವುದರಿಂದ ಇಂಥದೇ ಪರಿಣಾಮವಾಗುತ್ತದೆ. ಇಲ್ಲಿ ಬದಲಾಗುವುದು ತೆರೆದ ತಂತಿಯ ಬಿಗಿತವಲ್ಲ, ಎಳೆದಾಗ ತಂತಿಯು ತೋರುವ ಪ್ರತಿಕ್ರಿಯೆ.

## ವಾದ್ಯದ ಆಯ್ಕೆಯಲ್ಲಿ ಪಾತ್ರ

ಸ್ಕೇಲ್ ಉದ್ದವು ಗಿಟಾರಿನ ಶಾಶ್ವತ ಗುಣ. ತಂತಿ, ಶ್ರುತಿ ಮತ್ತು ತಂತಿಯ ಎತ್ತರಗಳನ್ನು ಕೊಂಡ ಮೇಲೆಯೂ ಬದಲಿಸಬಹುದು, ಆದರೆ ಸ್ಕೇಲ್ ಬದಲಿಸಲು ನೆಕ್ ಅನ್ನೇ ಬದಲಿಸಬೇಕಾಗುತ್ತದೆ. ಆದ್ದರಿಂದ ಕೈ ಚಿಕ್ಕದಾಗಿರುವವರಿಗೆ ಹಾಗೂ ಮಕ್ಕಳಿಗೆ ಸ್ಕೇಲ್ ಉದ್ದದ ಮುಖ್ಯ ಪ್ರಯೋಜನವು ಬಿಗಿತಕ್ಕಿಂತ ಹೆಚ್ಚಾಗಿ ಫ್ರೆಟ್‌ಗಳ ಅಂತರಕ್ಕೆ ಸಂಬಂಧಿಸಿದ್ದು. ಅದನ್ನು ಬೇರಾವ ಹೊಂದಾಣಿಕೆಯಿಂದಲೂ ಪಡೆಯಲಾಗದು. ಬೆರಳು ನೋಯುವಷ್ಟು ಬಿಗಿ ಎನಿಸುವ ಗಿಟಾರನ್ನು ಮಾತ್ರ ತೆಳುವಾದ ತಂತಿ, ಅರ್ಧಸ್ವರ ಇಳಿಸಿದ ಶ್ರುತಿ ಅಥವಾ ನಟ್ ಮತ್ತು ಸ್ಯಾಡಲ್‌ಗಳ ಎತ್ತರದ ಸರಿಹೊಂದಿಕೆಯಿಂದ, ವಾದ್ಯವನ್ನು ಬದಲಿಸದೆಯೇ ಸುಲಭಗೊಳಿಸಬಹುದಾಗಿದೆ.